ಬಾಡಿಗೆ ಕಾರಿನ ಸಣ್ಣಕ್ಷರಗಳು: ಐಸ್‌ಲ್ಯಾಂಡ್‌ನಲ್ಲಿ ಕಾರು ಹಿಡಿಯೋ ಮುನ್ನ

ನಮ್ಮ ಮನೆಗಳಲ್ಲಿ ಒಂದು ಅಲಿಖಿತ ನಿಯಮ ಇದೆ. ಟ್ರಿಪ್ ಎಲ್ಲಿಗೆ ಅಂತ ತೀರ್ಮಾನ ಮಾಡೋದು ದೊಡ್ಡವರು, ದುಡ್ಡು ಕೊಡೋದೂ ದೊಡ್ಡವರು, ಆದ್ರೆ ಆನ್‌ಲೈನ್ ಬುಕಿಂಗ್ ಮಾತ್ರ ನಮ್ಮ ಡಿಪಾರ್ಟ್‌ಮೆಂಟ್. ‘ಎಂಜಿನಿಯರಿಂಗ್ ಓದ್ತಿದೀಯಲ್ಲ, ನೋಡು ಸ್ವಲ್ಪ’ ಅಂತ ಲ್ಯಾಪ್‌ಟಾಪ್ ನಮ್ಮ ಕಡೆ ತಳ್ಳಿಬಿಡ್ತಾರೆ. ಫ್ಲೈಟ್, ಹೋಟೆಲ್ ಬುಕ್ ಮಾಡೋದು ನಮಗೆ ನೀರು ಕುಡಿದಷ್ಟು ಸುಲಭ. ಬಾಡಿಗೆ ಕಾರು ಹಾಗಲ್ಲ. ಅಲ್ಲಿ ದಿನದ ಬಾಡಿಗೆ ದಪ್ಪ ಅಕ್ಷರದಲ್ಲಿ ಇರುತ್ತೆ, ಉಳಿದ ಹದಿನೈದು ಪುಟ ಸಣ್ಣಕ್ಷರದಲ್ಲಿ ಇರುತ್ತೆ. ನಾವು ಕೆಳಗೆ ಸ್ಕ್ರೋಲ್ ಮಾಡಿ ‘ಒಪ್ಪಿದ್ದೇನೆ’ ಅನ್ನೋ ಡಬ್ಬಿಗೆ ಟಿಕ್ ಹಾಕ್ತೀವಿ. ಕಾರ್ಡ್ ಮಾತ್ರ ಅಪ್ಪಂದು.

ಈ ಸಣ್ಣಕ್ಷರಗಳನ್ನು ಓದೋದು ಹೇಗೆ ಅನ್ನೋದೇ ಈ ಲೇಖನದ ವಿಷಯ. ನಮ್ಮ ವಾದ ಇಷ್ಟು: ‘ಇದಕ್ಕೆ ವಿಮೆ ಅನ್ವಯಿಸುವುದಿಲ್ಲ’ ಅಂತ ಶುರುವಾಗೋ ಪಟ್ಟಿಯನ್ನು ಬೋರಿಂಗ್ ಕಾನೂನು ಭಾಷೆ ಅಂತ ನೋಡಬೇಡಿ. ಆ ದೇಶದಲ್ಲಿ ಒಂದು ಕಾರು ಯಾವ್ಯಾವ ರೀತಿ ಹಾಳಾಗುತ್ತೆ ಅನ್ನೋದರ ಪಟ್ಟಿ ಅದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಫೇಲ್ಯೂರ್ ಮೋಡ್‌ಗಳ ಪಟ್ಟಿ.

ಐಸ್‌ಲ್ಯಾಂಡೇ ಯಾಕೆ?

ಉದಾಹರಣೆಗೆ ಐಸ್‌ಲ್ಯಾಂಡ್ ತಗೊಂಡಿದ್ದೇವೆ. ಯಾಕಂದ್ರೆ ಅಲ್ಲಿ ರೈಲು ಇಲ್ಲ. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದಾದ ದೇಶ, ಸುಮಾರು 1,03,000 ಚದರ ಕಿ.ಮೀ. ಜನ ಮಾತ್ರ ನಾಲ್ಕು ಲಕ್ಷದ ಆಸುಪಾಸು. ರಾಜಧಾನಿ ರೇಕ್ಯಾವಿಕ್ ಬಿಟ್ಟು ಆಚೆ ಹೋದ್ರೆ ಬಸ್ಸೂ ಅಪರೂಪ. ದ್ವೀಪದ ಸುತ್ತ ಒಂದು ಹೆದ್ದಾರಿ ಇದೆ, ‘ರಿಂಗ್ ರೋಡ್’ ಅಂತಾರೆ, ಸುಮಾರು 1,300 ಕಿ.ಮೀ. ಜಲಪಾತ, ಹಿಮನದಿ, ಕಪ್ಪು ಮರಳಿನ ಬೀಚ್ ಎಲ್ಲಾ ಈ ರಸ್ತೆಯ ಅಕ್ಕಪಕ್ಕದಲ್ಲೇ. ಹಾಗಾಗಿ ಹೋದವರಲ್ಲಿ ಬಹಳಷ್ಟು ಜನ ಕಾರು ಬಾಡಿಗೆಗೆ ತಗೊಳ್ಳಲೇಬೇಕಾಗುತ್ತೆ. ಇನ್ನೊಂದು ಕಾರಣ, ಅಲ್ಲಿನ ಬಾಡಿಗೆ ಷರತ್ತುಗಳಷ್ಟು ಮಜವಾಗಿರೋದು ಬೇರೆ ಕಡೆ ಸಿಗೋದು ಕಷ್ಟ. ಬೂದಿ, ಜಲ್ಲಿ, ಗಾಳಿ, ನದಿ, ಎಲ್ಲದಕ್ಕೂ ಒಂದೊಂದು ಸಾಲು ಇದೆ.

ಮೊದಲು ಮೂರು ಗೇಟ್: ವಯಸ್ಸು, ಲೈಸೆನ್ಸ್, ಕಾರ್ಡ್

ವಯಸ್ಸಿನ ವಿಷಯದಲ್ಲಿ ನಮಗೆ ಬೇಜಾರಿನ ಸುದ್ದಿ. ಐಸ್‌ಲ್ಯಾಂಡ್‌ನಲ್ಲಿ ಸಣ್ಣ ಕಾರಿಗೆ ಸಾಮಾನ್ಯವಾಗಿ 20 ವರ್ಷ ಆಗಿರಬೇಕು, ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ಬಹಳ ಕಂಪನಿಗಳು 23 ಕೇಳ್ತವೆ. ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಬೇರೆ ದೇಶಗಳಲ್ಲಿ 21 ಸಾಮಾನ್ಯ, 25ಕ್ಕಿಂತ ಕಡಿಮೆ ಇದ್ರೆ ‘ಯಂಗ್ ಡ್ರೈವರ್’ ಅಂತ ದಿನಕ್ಕೆ ಇಷ್ಟು ಅಂತ ಹೆಚ್ಚುವರಿ ಶುಲ್ಕ ಹಾಕ್ತಾರೆ. ಅಂದ್ರೆ ಸೆಕೆಂಡ್ ಇಯರ್‌ನಲ್ಲಿರೋ ನಮಗೆ ಸದ್ಯಕ್ಕೆ ಸಿಗೋದು ಪಕ್ಕದ ಸೀಟು, ನ್ಯಾವಿಗೇಟರ್ ಕೆಲಸ.

ಲೈಸೆನ್ಸ್ ವಿಷಯಕ್ಕೆ ಬಂದ್ರೆ, ನಮ್ಮ ಲೈಸೆನ್ಸ್‌ನಲ್ಲಿ ವಿವರ ಇಂಗ್ಲಿಷ್‌ನಲ್ಲೇ ಇರೋದ್ರಿಂದ ಕೆಲವು ಕಡೆ ಅದೇ ನಡೆಯುತ್ತೆ. ಆದ್ರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದ್ರೆ ಐಡಿಪಿ, ಮಾಡಿಸಿಕೊಳ್ಳೋದು ಒಳ್ಳೇದು. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಭಾರತವೂ ಸೇರಿರೋದ್ರಿಂದ ನಮ್ಮ ಐಡಿಪಿಗೆ ಜಪಾನ್ ಸೇರಿದಂತೆ ಬಹಳ ದೇಶಗಳಲ್ಲಿ ಬೆಲೆ ಇದೆ. ಕೊಡೋದು ನಮ್ಮ ಆರ್‌ಟಿಒ, ಅರ್ಜಿ ಫಾರ್ಮ್ 4ಎ, ಶುಲ್ಕ 1,000 ರೂಪಾಯಿ. ಒಂದು ವರ್ಷಕ್ಕಿಂತ ಹೆಚ್ಚು ನಡೆಯಲ್ಲ. ಐಡಿಪಿ ಅನ್ನೋದು ಲೈಸೆನ್ಸ್‌ನ ಅನುವಾದ ಇದ್ದ ಹಾಗೆ, ಅದೊಂದೇ ತೋರಿಸಿದ್ರೆ ಆಗಲ್ಲ, ಮೂಲ ಲೈಸೆನ್ಸ್ ಜೊತೆಗೇ ಇರಬೇಕು.

ಮೂರನೇದು ಕಾರ್ಡ್. ಕೌಂಟರ್‌ನಲ್ಲಿ ಮುಖ್ಯ ಡ್ರೈವರ್‌ನ ಹೆಸರಿನಲ್ಲೇ ಇರೋ ಕ್ರೆಡಿಟ್ ಕಾರ್ಡ್ ಕೇಳ್ತಾರೆ. ಡೆಪಾಸಿಟ್ ಅಂತ ಒಂದಷ್ಟು ಮೊತ್ತವನ್ನು ಅದರಲ್ಲಿ ಬ್ಲಾಕ್ ಮಾಡ್ತಾರೆ. ದುಡ್ಡು ಕಟ್ ಆಗಲ್ಲ, ಆದ್ರೆ ಅಷ್ಟು ಲಿಮಿಟ್ ನಮ್ಮ ಕೈಗೆ ಸಿಗಲ್ಲ. ನಾವು ಬ್ಯಾಂಕ್‌ನಿಂದ ತುಂಬಿಸಿಕೊಂಡು ಹೋಗೋ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡ್ ಡೆಪಾಸಿಟ್‌ಗೆ ಸಾಮಾನ್ಯವಾಗಿ ನಡೆಯೋದಿಲ್ಲ. ಕಾರು ಓಡಿಸೋದು ಅಣ್ಣ, ಕಾರ್ಡ್ ಇರೋದು ಅಪ್ಪನ ಹೆಸರಲ್ಲಿ ಅಂದ್ರೆ ಕೌಂಟರ್‌ನಲ್ಲೇ ಕಥೆ ಮುಗಿಯಿತು. ಮುಂಗಡ ಕಟ್ಟಿದ ಬಾಡಿಗೆಯೂ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸ್ಟಿಯರಿಂಗ್ ಹಿಡಿಯೋ ಪ್ರತಿಯೊಬ್ಬರ ಹೆಸರೂ ಒಪ್ಪಂದದಲ್ಲಿ ಇರಬೇಕು. ಹೆಸರಿಲ್ಲದವರು ಓಡಿಸುವಾಗ ಏನಾದ್ರೂ ಆದ್ರೆ ವಿಮೆ ಲೆಕ್ಕಕ್ಕೇ ಬರೋದಿಲ್ಲ.

ಎಕ್ಸೆಸ್: ನಿಜವಾದ ಬೆಲೆ ಇಲ್ಲಿದೆ

ಬುಕಿಂಗ್ ಪೇಜ್‌ನಲ್ಲಿ ‘ಸಿಡಿಡಬ್ಲ್ಯೂ ಸೇರಿದೆ’ ಅಂತ ಹಸಿರು ಟಿಕ್ ಕಾಣುತ್ತೆ. ಕೊಲಿಷನ್ ಡ್ಯಾಮೇಜ್ ವೇವರ್. ಪೂರ್ತಿ ವಿಮೆ ಇದೆ ಅಂತ ನಾವು ಸಮಾಧಾನ ಪಟ್ಕೋತೀವಿ. ಆದ್ರೆ ಅದರ ಪಕ್ಕದಲ್ಲೇ ‘ಎಕ್ಸೆಸ್’ ಅಂತ ಒಂದು ಸಂಖ್ಯೆ ಇರುತ್ತೆ. ಹಾನಿ ಆದಾಗ ಮೊದಲ ಇಷ್ಟು ದುಡ್ಡು ನಿಮ್ಮದು, ಅದಕ್ಕಿಂತ ಮೇಲಿನದ್ದು ನಮ್ಮದು ಅಂತ ಕಂಪನಿ ಹೇಳೋ ಗಡಿ ಅದು. ದಿನದ ಬಾಡಿಗೆ ಕಡಿಮೆ ಇರೋ ಕಡೆ ಈ ಸಂಖ್ಯೆ ಎಷ್ಟಿದೆ ಅಂತ ಮೊದಲು ನೋಡಿ. ಅಗ್ಗದ ಡೀಲ್ ಅಂತ ಕಾಣೋದು ಎಷ್ಟೋ ಸಲ ದೊಡ್ಡ ಎಕ್ಸೆಸ್ ಇರೋ ಡೀಲ್ ಆಗಿರುತ್ತೆ.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಲೆಕ್ಕಕ್ಕೋಸ್ಕರ ನಾವು ಇಟ್ಟುಕೊಂಡವು. ಎಕ್ಸೆಸ್ 2,00,000 ರೂಪಾಯಿ. ಅದನ್ನು ಸೊನ್ನೆಗೆ ಇಳಿಸೋ ಪ್ಯಾಕೇಜ್‌ಗೆ ದಿನಕ್ಕೆ 1,500 ರೂಪಾಯಿ. ಹತ್ತು ದಿನಕ್ಕೆ 15,000. ಪೂರ್ತಿ ಎಕ್ಸೆಸ್ ಕಳೆದುಕೊಳ್ಳೋ ಸಾಧ್ಯತೆ 15,000 ಭಾಗಿಸು 2,00,000, ಅಂದ್ರೆ 7.5 ಪರ್ಸೆಂಟ್‌ಗಿಂತ ಜಾಸ್ತಿ ಇದ್ರೆ ಪ್ಯಾಕೇಜ್ ಲಾಭ, ಕಮ್ಮಿ ಇದ್ರೆ ನಷ್ಟ. ಎಂ3ಯಲ್ಲೋ ಎಂ4ರಲ್ಲೋ ಓದೋ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಇದೇ. ಸಾಮಾನ್ಯ ಹಾನಿ ಎಕ್ಸೆಸ್‌ನಷ್ಟು ದೊಡ್ಡದಿರಲ್ಲ, ಹಾಗಾಗಿ ಸರಾಸರಿ ಲೆಕ್ಕದಲ್ಲಿ ಗೆಲ್ಲೋದು ಕಂಪನಿಯೇ. ಗೆಲ್ಲದಿದ್ರೆ ಅವರು ಆ ವ್ಯಾಪಾರ ಯಾಕೆ ಮಾಡ್ತಾರೆ?

ಆದ್ರೆ ಅಷ್ಟಕ್ಕೇ ನಿಲ್ಲಬಾರದು. ಸರಾಸರಿ ಅನ್ನೋದು ನೂರು ಸಲ ಆಡೋರಿಗೆ. ನಮ್ಮ ಮನೆಯವರು ಈ ಆಟ ಆಡೋದು ಬಹುಶಃ ಜೀವನದಲ್ಲಿ ಒಂದೋ ಎರಡೋ ಸಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಆ ಎರಡು ಲಕ್ಷ ಹೋದ್ರೆ ಮನೆಗೆ ತಡೆಯುತ್ತಾ? ತಂಗಿಯ ಕಾಲೇಜ್ ಫೀಸ್, ಇಎಂಐ ಯಾವುದಾದ್ರೂ ಅಲುಗಾಡುತ್ತಾ? ಹೌದು ಅನ್ನೋದಾದ್ರೆ 15,000 ಕೊಟ್ಟು ನಿದ್ದೆ ಕೊಂಡುಕೊಳ್ಳಿ. ಇಲ್ಲ, ತಡೆದುಕೊಳ್ತೀವಿ ಅನ್ನೋರು ಬೇಸಿಕ್ ವಿಮೆ ಇಟ್ಟುಕೊಂಡು ಹುಷಾರಾಗಿ ಓಡಿಸಬಹುದು. ಎರಡೂ ಸರಿ. ತಪ್ಪಾಗೋದು ಸಂಖ್ಯೆ ನೋಡದೇ ಟಿಕ್ ಹಾಕಿದಾಗ.

ಈಗ ‘ಅನ್ವಯಿಸುವುದಿಲ್ಲ’ ಪಟ್ಟಿಗೆ ಬರೋಣ. ‘ಸೊನ್ನೆ ಎಕ್ಸೆಸ್’ ತಗೊಂಡ್ರೂ ಇದರಲ್ಲಿ ಕೆಲವು ಹೊರಗೇ ಉಳಿಯುತ್ತವೆ.

ಜಲ್ಲಿ ಮತ್ತು ಬೂದಿ

ರಿಂಗ್ ರೋಡ್ ಬಿಟ್ಟು ಒಳಗೆ ಹೋದ್ರೆ ಡಾಂಬರು ಮುಗಿದು ಜಲ್ಲಿ ರಸ್ತೆ ಶುರು. ‘ಮಾಲ್‌ಬಿಕ್ ಎಂದಾರ್’ ಅಂತ ಬೋರ್ಡ್ ಇರುತ್ತೆ, ‘ಡಾಂಬರು ಮುಗಿಯಿತು’ ಅಂತ ಅರ್ಥ. ಎದುರಿನ ಗಾಡಿಯ ಟೈರ್‌ನಿಂದ ಹಾರಿದ ಕಲ್ಲು ವಿಂಡ್‌ಶೀಲ್ಡ್, ಹೆಡ್‌ಲೈಟ್ ಸೀಳುತ್ತೆ. ಇದಕ್ಕೇ ‘ಗ್ರಾವೆಲ್ ಪ್ರೊಟೆಕ್ಷನ್’ ಅಂತ ಪ್ರತ್ಯೇಕ ವಿಮೆ. ಗಾಳಿಯಲ್ಲಿರೋ ಕಲ್ಲಿಗೆ ನಾವೇ ಹೋಗಿ ಗುದ್ದುತ್ತೀವಿ ಅಂತ ಇಟ್ಟುಕೊಂಡ್ರೆ, ಹೊಡೆತದ ಶಕ್ತಿ ವೇಗದ ವರ್ಗಕ್ಕೆ ಅನುಪಾತ. ಎದುರಿಗೆ ಗಾಡಿ ಬಂದಾಗ 80ರಿಂದ 40ಕ್ಕೆ ಇಳಿದ್ರೆ ಹೊಡೆತ ಕಾಲು ಭಾಗ. ಬಿಟ್ಟಿ ವಿಮೆ ಅಂದ್ರೆ ಇದು.

ಬೂದಿಯ ಕಥೆ ವಿಚಿತ್ರ. ದಕ್ಷಿಣ ಕರಾವಳಿಯಲ್ಲಿ ಜ್ವಾಲಾಮುಖಿ ಮರಳಿನ ದೊಡ್ಡ ಬಯಲುಗಳಿವೆ. ಬಿರುಗಾಳಿ ಎದ್ದರೆ ಆ ಮರಳು ಕಾರಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿದ ಹಾಗೆ ಬಡಿಯುತ್ತೆ. ವರ್ಕ್‌ಶಾಪ್‌ನಲ್ಲಿ ಲೋಹದ ತುಕ್ಕು ತೆಗೆಯೋಕೆ ಬಳಸೋ ಪ್ರಕ್ರಿಯೆ ಇಲ್ಲಿ ಬಣ್ಣ ತೆಗೆಯುತ್ತೆ, ಗಾಜನ್ನು ಮಬ್ಬು ಮಾಡುತ್ತೆ. ಒಂದು ಕಡೆಯ ಬಣ್ಣ ಪೂರ್ತಿ ಹೋದ್ರೆ ಬಿಲ್ ಎಷ್ಟಾಗಬಹುದು ಯೋಚಿಸಿ. ‘ಸ್ಯಾಂಡ್ ಅಂಡ್ ಆಶ್’ ವಿಮೆ ಇರೋದು ಇದಕ್ಕೆ. ಬೇಸಿಗೆಯಲ್ಲಿ ರೇಕ್ಯಾವಿಕ್ ಸುತ್ತಮುತ್ತ ಮಾತ್ರ ಓಡಾಡೋರಿಗೆ ಇದು ಅಷ್ಟಾಗಿ ಬೇಕಾಗಲ್ಲ. ದಕ್ಷಿಣ ಕರಾವಳಿ ಪೂರ್ತಿ ಹೋಗೋರು ಯೋಚನೆ ಮಾಡಬೇಕು.

ಬಾಗಿಲು ಹಾರಿಹೋಗುತ್ತೆ ಅಂದ್ರೆ ನಂಬ್ತೀರಾ?

ಬಹಳ ಕಂಪನಿಗಳ ಪಟ್ಟಿಯಲ್ಲಿ ‘ಗಾಳಿಯಿಂದ ಬಾಗಿಲಿಗೆ ಆದ ಹಾನಿ’ ಹೊರಗೆ. ಗಾಳಿಗೆ ಕಾರಿನ ಬಾಗಿಲು ಮುರಿಯುತ್ತಾ ಅಂತ ನಗು ಬರಬಹುದು. ಲೆಕ್ಕ ಮಾಡಿ ನೋಡಿ. ಅಲ್ಲಿ ಹವಾಮಾನ ಇಲಾಖೆ ಗಾಳಿಯ ವೇಗ ಕೊಡೋದು ಸೆಕೆಂಡಿಗೆ ಮೀಟರ್‌ನಲ್ಲಿ. 25 ಅಂತ ಕಂಡಾಗ ‘ಬರೀ 25ಆ’ ಅನ್ಸುತ್ತೆ, ಆದ್ರೆ ಅದು ಗಂಟೆಗೆ 90 ಕಿ.ಮೀ. ಬಾಗಿಲಿನ ವಿಸ್ತೀರ್ಣ 1 ಚದರ ಮೀಟರ್, ಡ್ರ್ಯಾಗ್ ಗುಣಾಂಕ 1.2, ಗಾಳಿಯ ಸಾಂದ್ರತೆ 1.25 ಅಂತ ಇಟ್ಟುಕೊಂಡು ಅರ್ಧ ರೋ ವಿ ಸ್ಕ್ವೇರ್ ಸೂತ್ರ ಹಾಕಿ. ಸುಮಾರು 470 ನ್ಯೂಟನ್ ಬರುತ್ತೆ, ಹೆಚ್ಚುಕಮ್ಮಿ 48 ಕೆಜಿ ತೂಕ. ಅದು ಬಾಗಿಲಿನ ಮಧ್ಯದಲ್ಲಿ, ಕೀಲಿನಿಂದ ಅರ್ಧ ಮೀಟರ್ ದೂರದಲ್ಲಿ ಒತ್ತುತ್ತೆ. ಬಾಗಿಲನ್ನು ತಡೆಯೋ ಪಟ್ಟಿ ಇರೋದು ಕೀಲಿನಿಂದ ಕೆಲವೇ ಸೆಂಟಿಮೀಟರ್ ದೂರ. ಅದನ್ನು 5 ಸೆಂ.ಮೀ. ಅಂದುಕೊಂಡ್ರೆ ಪಟ್ಟಿಯ ಮೇಲೆ ಬೀಳೋ ಬಲ ಹತ್ತು ಪಟ್ಟು, 4,700 ನ್ಯೂಟನ್. ಇದು ಬಾಗಿಲು ಸುಮ್ಮನೆ ನಿಂತಿದ್ದಾಗಿನ ಲೆಕ್ಕ. ವೇಗವಾಗಿ ತೆರೆದುಕೊಂಡು ಧಡ್ ಅಂತ ನಿಂತ್ರೆ ಇನ್ನೂ ಜಾಸ್ತಿ. ಫಸ್ಟ್ ಇಯರ್ ಸ್ಟ್ಯಾಟಿಕ್ಸ್ ಸಾಕು ಇದು ಅರ್ಥ ಆಗೋಕೆ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಕಾರಿನ ಮೂತಿ ಗಾಳಿಗೆ ಎದುರಾಗಿ ಇರೋ ಹಾಗೆ ಪಾರ್ಕ್ ಮಾಡಿ. ಕೀಲು ಮುಂದುಗಡೆ ಇರೋದ್ರಿಂದ ಗಾಳಿ ಬಾಗಿಲನ್ನು ಮುಚ್ಚೋ ಕಡೆ ತಳ್ಳುತ್ತೆ. ಹಿಂದಿನಿಂದ ಗಾಳಿ ಬೀಸ್ತಿದ್ರೆ, ನಿಂತ ಗಾಳಿಯಲ್ಲಿ 90ರ ವೇಗದಲ್ಲಿ ರಿವರ್ಸ್ ಹೋಗ್ತಾ ಬಾಗಿಲು ತೆಗೆದ ಹಾಗೆ. ಎರಡು ಕೈಯಲ್ಲಿ ಹಿಡಿದು ತೆಗೆಯಿರಿ. ಒಂದು ಸಲಕ್ಕೆ ಒಂದೇ ಬಾಗಿಲು. ಹಿಂದಿನ ಸೀಟಿನ ಅಜ್ಜಿಗೂ, ಪುಟ್ಟ ತಮ್ಮನಿಗೂ ಇದನ್ನು ಮೊದಲೇ ಹೇಳಿಡಬೇಕು.

ನದಿ ದಾಟೋ ಹುಚ್ಚು

ಒಳನಾಡಿನ ಗುಡ್ಡಗಾಡು ರಸ್ತೆಗಳಿಗೆ ಎಫ್ ರಸ್ತೆಗಳು ಅಂತಾರೆ. ಅಲ್ಲಿಗೆ ಫೋರ್ ವೀಲ್ ಡ್ರೈವ್ ಮಾತ್ರ ಹೋಗಬೇಕು ಅನ್ನೋದು ಕಾನೂನು. ಸಾಮಾನ್ಯವಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ ಮಾತ್ರ ತೆರೆದಿರುತ್ತವೆ. ಕೆಲವು ಕಡೆ ಸೇತುವೆಯೇ ಇಲ್ಲ, ನದಿಯೊಳಗೇ ಇಳಿದು ದಾಟಬೇಕು. ರೀಲ್ಸ್‌ನಲ್ಲಿ ನೋಡೋಕೆ ಭಾರಿ ಚೆನ್ನಾಗಿರುತ್ತೆ. ನೀರಿನಿಂದ ಆದ ಹಾನಿಗೆ, ಗಾಡಿಯ ತಳಕ್ಕೆ ಆದ ಹಾನಿಗೆ ಸಾಮಾನ್ಯವಾಗಿ ಯಾವ ಪ್ಯಾಕೇಜ್ ಕೂಡ ದುಡ್ಡು ಕೊಡಲ್ಲ. ಯಾಕೆ ಅಂತ ಮೆಕ್ಯಾನಿಕಲ್‌ನವರಿಗೆ ಗೊತ್ತು. ಏರ್ ಇನ್‌ಟೇಕ್‌ನಿಂದ ಸಿಲಿಂಡರ್‌ಗೆ ನೀರು ಹೋದ್ರೆ ಪಿಸ್ಟನ್ ಅದನ್ನು ಒತ್ತೋಕೆ ನೋಡುತ್ತೆ. ನೀರು ಗಾಳಿಯ ಹಾಗೆ ಕುಗ್ಗಲ್ಲ, ಕೊನೆಗೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಇದೇ ಹೈಡ್ರೋಲಾಕ್. ಎಂಜಿನ್ ಪೂರ್ತಿ ಹೋಯ್ತು ಅಂತ್ಲೇ ಲೆಕ್ಕ. ಜೊತೆಗೆ ಹಿಮನದಿಯಿಂದ ಬರೋ ತೊರೆಗಳಲ್ಲಿ ಬಿಸಿಲೇರಿದ ಹಾಗೆ ಹಿಮ ಕರಗಿ ನೀರು ಏರುತ್ತೆ. ಬೆಳಿಗ್ಗೆ ಸಲೀಸಾಗಿ ದಾಟಿದ ತೊರೆ ಸಂಜೆ ವಾಪಸ್ ಬಿಡದೇ ಇರಬಹುದು.

ಮೊದಲ ಸಲ ಹೋಗೋರಿಗೆ ಬೇಸಿಗೆಯ ರಿಂಗ್ ರೋಡ್‌ಗೆ ಮಾಮೂಲಿ ಕಾರೇ ಸಾಕು. ಫೋರ್ ವೀಲ್ ಬೇಕೇ ಬೇಕು ಅನ್ನೋರಿಗೆ ಅಲ್ಲಿ ಡಾಚಿಯಾ ಡಸ್ಟರ್ ಧಾರಾಳವಾಗಿ ಸಿಗುತ್ತೆ. ನಮ್ಮ ರಸ್ತೆಗಳಲ್ಲಿ ರೆನೋ ಡಸ್ಟರ್ ಅಂತ ಓಡಾಡೋದು ಅದರದೇ ಒಡಹುಟ್ಟು. ಆದ್ರೆ ಫೋರ್ ವೀಲ್ ಇದೆ ಅಂತ ರಸ್ತೆ ಬಿಟ್ಟು ಇಳಿಯೋ ಹಾಗಿಲ್ಲ. ಆಫ್ ರೋಡಿಂಗ್ ಅಲ್ಲಿ ಅಪರಾಧ. ಅಲ್ಲಿನ ಪಾಚಿ ಒಂದು ಸಲ ಕಿತ್ತುಹೋದ್ರೆ ಮತ್ತೆ ಬೆಳೆಯೋಕೆ ದಶಕಗಳು ಬೇಕು.

ಬಲಗಡೆಯ ರಸ್ತೆ, ಒಂಟಿ ಸೇತುವೆ

ಐಸ್‌ಲ್ಯಾಂಡ್‌ನವರೂ ಒಂದು ಕಾಲಕ್ಕೆ ನಮ್ಮ ಹಾಗೆ ಎಡಗಡೆ ಓಡಿಸ್ತಿದ್ರು. 1968ರ ಮೇ 26ರಂದು ಇಡೀ ದೇಶ ಬಲಗಡೆಗೆ ಬದಲಾಯಿತು. ಅವರಿಗೆ ತಯಾರಾಗೋಕೆ ಸಮಯ ಸಿಕ್ಕಿತ್ತು, ನಮಗೆ ಸಿಗೋದು ಏರ್‌ಪೋರ್ಟ್ ಪಾರ್ಕಿಂಗ್‌ನಿಂದ ಗೇಟ್‌ವರೆಗಿನ ದೂರ. ನೆನಪಿಡೋಕೆ ಒಂದು ಸುಲಭದ ಸೂತ್ರ: ಡ್ರೈವರ್ ಯಾವಾಗ್ಲೂ ರಸ್ತೆಯ ಮಧ್ಯದ ಗೆರೆಯ ಪಕ್ಕ ಕೂತಿರಬೇಕು. ಇದು ಬೆಂಗಳೂರಿಗೂ ಸರಿ, ರೇಕ್ಯಾವಿಕ್‌ಗೂ ಸರಿ. ಟ್ರಾಫಿಕ್ ಇದ್ದಾಗ ಮುಂದಿನ ಕಾರನ್ನು ನೋಡಿ ಹೋಗ್ತೀವಿ. ಅಪಾಯ ಇರೋದು ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕ್‌ನಿಂದ ಹೊರಗೆ ಬರುವಾಗ. ಆಗ ಪಕ್ಕದಲ್ಲಿ ಕೂತ ನಾವು ‘ಬಲಗಡೆ, ಬಲಗಡೆ’ ಅಂತ ಜೋರಾಗಿ ಹೇಳ್ತಿರಬೇಕು. ಗೇರ್ ಬಲಗೈಗೆ ಬರುತ್ತೆ, ಆದ್ದರಿಂದ ಆಟೋಮ್ಯಾಟಿಕ್ ತಗೊಂಡ್ರೆ ಒಂದು ತಲೆನೋವು ಕಮ್ಮಿ. ಎರಡು ಲೇನ್‌ನ ವೃತ್ತದಲ್ಲಿ ಒಳಗಿನ ಲೇನ್‌ನವರಿಗೆ ಮೊದಲ ಹಕ್ಕು, ಇದು ಅಲ್ಲಿನ ವಿಶೇಷ. ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ.

ವೇಗದ ಮಿತಿ ಊರೊಳಗೆ ಸಾಮಾನ್ಯವಾಗಿ 50, ಜಲ್ಲಿ ರಸ್ತೆಯಲ್ಲಿ 80, ಡಾಂಬರಿನಲ್ಲಿ 90. ಮಿತಿ 80 ಅಂದ್ರೆ 80ರಲ್ಲೇ ಹೋಗಬೇಕು ಅಂತಲ್ಲ. ವಿ ಸ್ಕ್ವೇರ್ ಬೈ ಟು ಮ್ಯೂ ಜಿ ಹಾಕಿ ನೋಡಿ. 80ರ ವೇಗದಲ್ಲಿ ಬ್ರೇಕ್ ಹಿಡಿದ್ರೆ ಒಣ ಡಾಂಬರಿನಲ್ಲಿ, ಮ್ಯೂ 0.7 ಅಂದುಕೊಂಡ್ರೆ, 36 ಮೀಟರ್‌ಗೆ ನಿಲ್ಲುತ್ತೆ. ಜಲ್ಲಿಯಲ್ಲಿ 0.35 ಅಂದ್ರೆ 72 ಮೀಟರ್. ಮಂಜುಗಡ್ಡೆ ಮೇಲೆ 0.1 ಅಂದ್ರೆ 250 ಮೀಟರ್, ಎರಡು ಫುಟ್‌ಬಾಲ್ ಮೈದಾನಕ್ಕಿಂತ ಉದ್ದ. ನೋಡಿ ಬ್ರೇಕ್ ಒತ್ತೋದರೊಳಗೆ ಹೋಗೋ 33 ಮೀಟರ್ ಬೇರೆ. ಬೇಸಿಗೆಯಲ್ಲಿ ಕುರಿಗಳು ಬೇಲಿ ಇಲ್ಲದೇ ರಸ್ತೆ ಮೇಲೆ ಬರ್ತವೆ, ತಾಯಿ ಒಂದು ಕಡೆ ಮರಿ ಇನ್ನೊಂದು ಕಡೆ ಇದ್ರೆ ಮರಿ ಓಡೇ ಓಡುತ್ತೆ.

‘ಐನ್‌ಬ್ರೈದ್ ಬ್ರೂ’ ಅನ್ನೋ ಬೋರ್ಡ್ ಕಂಡ್ರೆ ಮುಂದೆ ಒಂದೇ ಗಾಡಿ ಹಿಡಿಸೋ ಸೇತುವೆ. ಹತ್ತಿರ ಇರೋರು ಮೊದಲು ದಾಟಬೇಕು, ಇನ್ನೊಬ್ಬರು ಕಾಯಬೇಕು. 2018ರ ಡಿಸೆಂಬರ್ 27ರಂದು ದಕ್ಷಿಣದ ನೂಪ್ಸ್‌ವೋತ್ನ್ ನದಿಯ ಇಂಥದ್ದೇ ಸೇತುವೆಯಿಂದ ಒಂದು ಬಾಡಿಗೆ ಕಾರು ತಡೆಗೋಡೆ ಮುರಿದು ಕೆಳಗೆ ಬಿತ್ತು. ಅದರಲ್ಲಿ ಇದ್ದದ್ದು ಬ್ರಿಟನ್‌ನಿಂದ ರಜೆಗೆ ಬಂದಿದ್ದ ಭಾರತ ಮೂಲದ ಕುಟುಂಬ, ಏಳು ಜನ. ಒಂದು ಪುಟ್ಟ ಮಗು ಸೇರಿ ಮೂವರು ತೀರಿಕೊಂಡರು. ಎಕ್ಸೆಸ್, ವೇವರ್ ಅಂತ ಇಷ್ಟು ಹೊತ್ತು ನಾವು ಮಾಡಿದ ಲೆಕ್ಕ ಎಲ್ಲಾ ಕಾರಿಗೆ ಸಂಬಂಧಿಸಿದ್ದು. ಒಳಗೆ ಕೂತವರಿಗೆ ಎಕ್ಸೆಸ್ ಅನ್ನೋದು ಇಲ್ಲ. ಹಾಗಾಗಿ ದಿನಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮೊದಲೇ ಮಿತಿ ಹಾಕಿಕೊಳ್ಳಿ. ಡಿಸೆಂಬರ್‌ನಲ್ಲಿ ರೇಕ್ಯಾವಿಕ್‌ನಲ್ಲಿ ಹಗಲು ಇರೋದೇ ನಾಲ್ಕು ಗಂಟೆ ಹೊತ್ತು, ಹೊರಡೋ ಮುಂಚೆ ರಸ್ತೆ ಸ್ಥಿತಿ, ಗಾಳಿ ಎರಡನ್ನೂ ನೋಡಬೇಕು. ಗಾಳಿ 20 ದಾಟಿದ್ರೆ ಆ ದಿನ ಹೋಟೆಲ್‌ನಲ್ಲೇ ಇಸ್ಪೀಟ್ ಆಡಿ. ತುರ್ತು ನಂಬರ್ 112.

ಕಾರು ತಗೊಳ್ಳುವಾಗ, ವಾಪಸ್ ಕೊಡುವಾಗ

ಕೀ ಕೈಗೆ ಬಂದ ತಕ್ಷಣ ಹೊರಡಬೇಡಿ. ಹತ್ತು ನಿಮಿಷ ಖರ್ಚು ಮಾಡಿ ಸುತ್ತಲೂ ವಿಡಿಯೋ ಮಾಡಿ. ಟೈರ್, ರಿಮ್, ವಿಂಡ್‌ಶೀಲ್ಡ್, ಬಾಗಿಲ ಕೀಲು, ಬಂಪರ್‌ನ ಕೆಳಭಾಗ, ಒಳಗೆ ಫ್ಯುಯೆಲ್ ಮೀಟರ್, ಓಡೋಮೀಟರ್. ಕಣ್ಣಿಗೆ ಬಿದ್ದ ಪ್ರತಿ ಗೀರನ್ನೂ ಅವರ ಹಾಳೆಯಲ್ಲಿ ಬರೆಸಿ. ವಾಪಸ್ ಕೊಡುವಾಗಲೂ ಅದೇ ವಿಡಿಯೋ. ಡ್ಯಾಮೇಜ್ ಬಿಲ್ ಊರಿಗೆ ಬಂದು ವಾರಗಳಾದ ಮೇಲೂ ಬರಬಹುದು, ಆಗ ನಮ್ಮ ಬಳಿ ಇರೋ ಸಾಕ್ಷಿ ಅದೊಂದೇ. ಲ್ಯಾಬ್‌ನಲ್ಲಿ ಇನಿಶಿಯಲ್ ರೀಡಿಂಗ್ ಬರೆಯದೇ ಪ್ರಯೋಗ ಶುರು ಮಾಡ್ತೀವಾ?

ಪೆಟ್ರೋಲೋ ಡೀಸೆಲೋ ಅಂತ ಖಚಿತ ಮಾಡಿಕೊಳ್ಳಿ, ತಪ್ಪು ಇಂಧನವೂ ಆ ಪಟ್ಟಿಯಲ್ಲಿದೆ. ಊರಾಚೆಯ ಬಂಕ್‌ಗಳಲ್ಲಿ ಆಳೇ ಇರಲ್ಲ, ಮೆಷಿನ್‌ಗೆ ಪಿನ್ ಇರೋ ಕಾರ್ಡ್ ಬೇಕು. ಉತ್ತರದಲ್ಲಿ ಅಕುರೇರಿ ಹತ್ತಿರದ ಸುರಂಗಕ್ಕೆ ಟೋಲ್ ಇದೆ, ಬೂತ್ ಇಲ್ಲ, ಆನ್‌ಲೈನ್‌ನಲ್ಲಿ ಕಟ್ಟಬೇಕು. ಮರೆತ್ರೆ ಬಿಲ್ ಬಾಡಿಗೆ ಕಂಪನಿ ಮೂಲಕ ಬರುತ್ತೆ, ಅವರ ಸರ್ವಿಸ್ ಚಾರ್ಜ್ ಸೇರಿಸಿಕೊಂಡು. ಸ್ಪೀಡ್ ಕ್ಯಾಮೆರಾ ದಂಡವೂ ಹಾಗೇ.

ಬೇರೆ ದೇಶಕ್ಕೆ ಹೋಗೋದಾದ್ರೂ ವಿಧಾನ ಇದೇ. ಮೊದಲು ‘ಅನ್ವಯಿಸುವುದಿಲ್ಲ’ ಪಟ್ಟಿ ತೆಗೆಯಿರಿ. ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿ: ಇದು ಹೇಗೆ ಆಗುತ್ತೆ, ನಾವು ಹೋಗೋ ದಾರಿಯಲ್ಲಿ ಆಗುತ್ತಾ, ಆದ್ರೆ ದುಡ್ಡು ಯಾರದ್ದು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಟಿಕ್ ಹಾಕೋ ಮುಂಚೆ ಕಾರ್ಡ್ ಯಾರದ್ದೋ ಅವರಿಗೆ ಓದಿ ಹೇಳಿ. ಅರ್ಧ ಗಂಟೆ ಕೆಲಸ. ಸಿಐಇ ಹಿಂದಿನ ರಾತ್ರಿ ನಾವು ಇದಕ್ಕಿಂತ ಕಷ್ಟದ್ದನ್ನು ಓದಿ ಮುಗಿಸಿದ್ದೇವೆ.